ಚಾವಿಗೆ ಹಚ್ಚಿದ ಗಂಧ

ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಕೊಂಡು ಕಾರಿನಲ್ಲಿ ಕೂತರೆ ಚಾವಿ ತಿರುಗಲೇ ಇಲ್ಲ. ಬಸುರಿ ಮಗಳಿಗೆ ಈ ಹಣ್ಣಿನ ಬಯಕೆ. ಅವಳ ರೈಲು ಮಧ್ಯಾಹ್ನ ಕಲಬುರಗಿಯಲ್ಲಿ ಸ್ವಲ್ಪ ಹೊತ್ತು ನಿಂತು ಹೈದರಾಬಾದಿಗೆ ಹೋಗುವುದಿತ್ತು. ಅಷ್ಟರೊಳಗೆ ನಾವು ಸ್ಟೇಷನ್ ಮುಟ್ಟಬೇಕಿತ್ತು.

ನಮ್ಮವರು ಸ್ಟೀರಿಂಗ್ ಆಚೆ ಈಚೆ ಅಲುಗಾಡಿಸುತ್ತ ಚಾವಿ ತಿರುಗಿಸಿದರು. ಗೇರು ನ್ಯೂಟ್ರಲ್‌ಗೆ ಹಾಕಿ ನೋಡಿದರು. ಕೊನೆಗೆ ಚಾವಿ ಹೊರಗೆಳೆದು ಬಿಸಿಲಿಗೆ ಹಿಡಿದರು. ಹಲ್ಲುಗಳ ಸಂದಿಯಲ್ಲೆಲ್ಲ ಗಂಧ ಒಣಗಿ ಗಟ್ಟಿಯಾಗಿತ್ತು.

“ಇದೇನ ಮಾಡೀದಿ?”

“ದೂರ ಹೊಂಟೀವಂತ ಮುಂಜಾನೆ ಚಾವಿಗೂ ಪೂಜಾ ಮಾಡಿದೆರೀ. ಆಗ ಹಸೀ ಇತ್ತು, ತಿರುಗಿತಲ್ಲ.”

“ಒಂದು ಬೊಟ್ಟು ಇಟ್ಟರ ಸಾಕಾಗ್ತಿತ್ತು. ನೀ ಅದಕ್ಕ ಅಭ್ಯಂಗನಾನೇ ಮಾಡಿಸೀದಿ!”

ಹಣ್ಣಿನವಳು ಬಾಯಿಗೆ ಸೆರಗು ಹಿಡಿದು ನಕ್ಕಳು. ನಾನು ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು, ಹರಿ ಹರಿ ಅನ್ನುತ್ತ, ಒಂದೊಂದೇ ಹಲ್ಲು ಕೆದಕಿದೆ. ನಮ್ಮವರು ಚಾವಿ ಒರೆಸಿ, ಮತ್ತೆ ಮತ್ತೆ ಒಳಗೆ ಹೊರಗೆ ಆಡಿಸಿದ ಮೇಲೆ ತಿರುಗಿತು. ಕಾರು ಅಲ್ಲೇ ಕೆಟ್ಟು ಕೂರಲಿಲ್ಲ, ಅದು ದೇವರ ದಯೆ. ಆದರೆ ಹೊತ್ತು ಮೀರಿತ್ತು.

ಅರ್ಧ ದಾರಿಯಲ್ಲಿ ಮಗಳ ಫೋನು ಬಂತು. “ಅಮ್ಮಾ, ರೈಲು ಬಿಡ್ತು. ನೀ ಕಾಣ್ತಿಯೇನೋ ಅಂತ ಬಾಗಿಲದಾಗೇ ನಿಂತಿದ್ದೆ.”

“ಒಳಗ ಹೋಗಿ ಕೂಡವ್ವಾ,” ಅಂದೆ. ಕಿಡಕಿ ಬದಿ ಜಾಗ ಸಿಕ್ಕಿದೆಯಂತೆ, ಅಷ್ಟಾದರೂ ಆಯಿತು.

ಇನ್ನು ಅವಸರವಿರಲಿಲ್ಲ. ಆದರೂ ರಸ್ತೆಯಲ್ಲಿ ತಗ್ಗು ಬಂದಾಗಲೆಲ್ಲ ನಾನು ಹಣ್ಣಿನ ಚಿಪ್ಪನ್ನು ತೊಡೆಯಿಂದ ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದೆ.