ಬಣ್ಣ ಬಿಡದ ಹಲ್ಲು

ನನ್ನ ಹೆಂಡತಿಯ ಮೇಲಿನ ಸಾಲಿನ ಮುಂದಿನ ಹಲ್ಲು ಮುರಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಡುವೆ ಹೇಳಲು ಹೋದರೆ ನೆಪ ಹುಡುಕುತ್ತೇನೆ. ನೆಪ ಹುಡುಕುವುದರಲ್ಲಿ ನಾನು ಪಳಗಿದವನು.

ಆಗ ನಾವು ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಯ ಹಿಂದಿನ ಬಾಡಿಗೆ ಮನೆಯಲ್ಲಿದ್ದೆವು. ಗಿರಣಿಯಲ್ಲಿ ಭತ್ತದ ಚೀಲ ಇಳಿಸುವ ಹಮಾಲರ ಮೇಲೆ ನಾನು ಮೇಸ್ತ್ರಿ. ಬಾಯಿಗಿಂತ ಇವನ ಕೈ ಮುಂದು ಎಂದು ಹೆಸರಾಗಿತ್ತು, ಆ ಹೆಸರು ನನಗೆ ಹಿತವಾಗಿಯೂ ಇತ್ತು. ಒಂದು ಸಂಜೆ ಕರೂರಿನಿಂದ ಬರುವಾಗ ಮೊಪೆಡ್ ಸಮೇತ ನಾಟಿ ಹಚ್ಚಿದ ಗದ್ದೆಗೆ ಬಿದ್ದೆ. ಅಡಿಯಿಂದ ಮುಡಿಯವರೆಗೆ ಕೆಸರು. ಎತ್ತಿ ತಂದ ಇಬ್ಬರು ಹಮಾಲರು ನಾನು ಹೇಗೆ ಬಿದ್ದೆ ಎಂದು ಬಾಗಿಲಲ್ಲೇ ನಿಂತು ಮಾಡಿ ತೋರಿಸಿದರು. ಕಾಲಿಗೆ ತಂಬಿಗೆಯಲ್ಲಿ ನೀರು ತಂದ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಅವಳ ಕೈಯಿಂದ ತಂಬಿಗೆ ಕಿತ್ತುಕೊಂಡು ಅದರಿಂದಲೇ ಅವಳ ಬಾಯಿಗೆ ಹೊಡೆದೆ.

ಹಮಾಲರು ತಲೆ ತಗ್ಗಿಸಿ ಹೋದರು. ತೊಟ್ಟಿಲಲ್ಲಿದ್ದ ಆರು ತಿಂಗಳ ಮಗಳು ಕಿರುಚತೊಡಗಿದಳು. ಹೆಂಡತಿ ಮಾತ್ರ ಪಿಟ್ ಎನ್ನಲಿಲ್ಲ. ರಕ್ತ ಸೋರುವ ಬಾಯಿಗೆ ಒಂದು ಕೈ ಹಿಡಿದು, ಇನ್ನೊಂದು ಕೈಯಲ್ಲಿ ನೆಲದ ನೀರಿನಲ್ಲಿ ಹಲ್ಲಿನ ಚೂರು ತಡಕಾಡಿದಳು. ನನಗೆ ಆಗ ಪಶ್ಚಾತ್ತಾಪವಾಯಿತು ಎಂದು ಬರೆಯಲು ಆಸೆ. ಆಗಲಿಲ್ಲ. ಇನ್ನೊಂದು ಹೊಡೆಯಬೇಕು ಅನಿಸಿತ್ತು.

ರಕ್ತ ಒರೆಸುವ ಮೊದಲೇ ಒಳಗಿನಿಂದ ಬಂದ ನಮ್ಮವ್ವ ಕಥೆ ಕಟ್ಟಿದಳು. "ಬಚ್ಚಲದಾಗ ಜಾರಿ ಬಿದ್ಲು ಅನ್ರಿ," ಎಂದಳು. ರಾರಾವಿಯಿಂದ ಹೆಂಡತಿಯ ತವರಿನ ಹಿರಿಯರು ಬಂದರು. ಅವಳ ತುಟಿ ನೋಡಿದರು, ನನ್ನ ಮುಖ ನೋಡಿದರು. ಅವರಿಗೆ ತಿಳಿಯದೆ ಇರಲಿಲ್ಲ. "ಗಂಡ ಹೆಂಡ್ರ ಜಗಳ ಉಂಡು ಮಲಗೋ ತನಕ," ಎಂದು ಹೇಳಿ ಅವರು ಉಂಡು ಹೋದರು. ಹಲ್ಲು ಮುರಿದವಳು ಹೇಗೆ ಉಣ್ಣಬೇಕು ಎಂದು ಆ ಗಾದೆ ಮಾಡಿದವನು ಯೋಚಿಸಿರಲಿಕ್ಕಿಲ್ಲ. ಹದಿನೈದು ದಿನ ಅವಳು ಗಂಜಿ ಕುಡಿದಳು.

ಆಮೇಲೆ ಬಳ್ಳಾರಿಯ ಡಾಕ್ಟರೊಬ್ಬರು ಉಳಿದ ಮೋಟಿನ ಮೇಲೆ ಕ್ಯಾಪ್ ಕೂರಿಸಿದರು. ಫ್ಲೋರೈಡ್ ತುಂಬಿದ ಬೋರಿನ ನೀರು ಕುಡಿದು ಬೆಳೆದ ನಮ್ಮ ಹಲ್ಲುಗಳು ಕಂದು. ಬಿಳಿ ಕ್ಯಾಪ್ ಹಾಕಿದರೆ ಎದ್ದು ಕಾಣುತ್ತದೆಂದು ಅವರು ಅದಕ್ಕೂ ಕಂದು ಬಣ್ಣ ಕೊಡಿಸಿದ್ದರು, ಪಕ್ಕದ ಹಲ್ಲಿನ ಮೇಲಿದ್ದಂಥ ಗೆರೆಯನ್ನೂ ಬಿಡದೆ ಅದರ ಮೇಲೆ ಮೂಡಿಸಿದ್ದರು. ಅದು ಎಷ್ಟು ಚೆನ್ನಾಗಿ ಹೊಂದಿತೆಂದರೆ ಹೊಡೆದ ನಾನೇ ಮರೆತೆ. ಅವಳು ಮರೆಯಲಿಲ್ಲ. ಅಂದಿನಿಂದ ನಗು ಬಂದರೆ ಅವಳ ಸೆರಗು ಬಾಯಿಗೆ ಹೋಗುತ್ತಿತ್ತು. ಎಂಥ ಮರ್ಯಾದಸ್ಥ ಹೆಣ್ಣುಮಗಳು ಎಂದು ಓಣಿಯವರು ಹೊಗಳಿದರು, ನಾನೂ ಹೌದೆಂದು ತಲೆಯಾಡಿಸಿದೆ.

ಹೋದ ವರ್ಷ ಮಗಳಿಗೆ ಕುರುಗೋಡಿನ ಸಂಬಂಧ ಕೂಡಿಬಂತು. ನಿಶ್ಚಯಕ್ಕೆ ಇನ್ನೂ ಒಂದು ತಿಂಗಳಿತ್ತು.

"ಅವ್ವ, ಫೋಟೋದಾಗ ನೀ ಬಾಯಿಗೆ ಸೆರಗು ಹಿಡ್ಕೊಂಡು ನಿಂದ್ರಬಾರ್ದು," ಎಂದಳು ಮಗಳು. "ಬಳ್ಳಾರ್ಯಾಗ ಲೇಸರ್ ಹಿಡದು ಹಲ್ಲು ಬೆಳ್ಳಗ ಮಾಡ್ತಾರ. ಹೋಗೂಣು ನಡಿ."

ಹಲ್ಲಿನ ಬಣ್ಣಕ್ಕೆ ನಾಚಿ ಅವ್ವ ಬಾಯಿ ಮುಚ್ಚುತ್ತಾಳೆ ಎಂದು ಅವಳು ತಿಳಿದಿದ್ದಳು. ಬಚ್ಚಲಿನ ಕಥೆಯನ್ನು ನಂಬಿಯೇ ಬೆಳೆದವಳು ಅವಳು. ಅವಳಿಗೆ ನಿಜ ತಿಳಿಯಬಾರದು ಎಂಬುದೊಂದೇ ನನಗಿದ್ದ ಭಯ. ಊರಿಗೆಲ್ಲ ಹುಲಿಯಾದ ನಾನು ಮಗಳ ಮುಂದೆ ಮಾತ್ರ ಒಳ್ಳೆಯವನಾಗಿದ್ದೆ. ಹೆಂಡತಿ ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಹೂಂ ಎಂದಳು.

ಮೋತಿ ಸರ್ಕಲ್ ಹತ್ತಿರದ ಆಸ್ಪತ್ರೆಯಲ್ಲಿ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹೆಂಡತಿಯ ಬಾಯಿ ನೋಡಿ ಆ ಹಲ್ಲಿಗೆ ಟಕಟಕ ಬಡಿದರು.

"ಅಮ್ಮ, ಇದೊಂದು ಕ್ಯಾಪ್ ಐತಿ. ಲೇಸರಿಗೆ ಕ್ಯಾಪ್ ಬಣ್ಣ ಬಿಡಂಗಿಲ್ರಿ. ಉಳಿದಾವು ಬೆಳ್ಳಗ ಆಗ್ತಾವ, ಇದು ಹಿಂಗ ಉಳೀತೈತಿ. ಹದಿನೈದು ದಿನ ಬಿಟ್ಟು ಬರ್ರಿ, ಹೊಸಾದು ಹಾಕ್ತೀನಿ." ಆಮೇಲೆ ಸಹಜವಾಗಿ ಕೇಳಿದರು: "ಹಲ್ಲು ಹೆಂಗ ಮುರೀತ್ರಿ?"

ಹೆಂಡತಿ ನನ್ನ ಕಡೆ ನೋಡಿದಳು. "ಬಚ್ಚಲದಾಗ ಬಿದ್ದಾಳ್ರಿ," ಎಂದೆ ನಾನು, ಕೇಳಿದ ಪ್ರಶ್ನೆ ನೆಲಕ್ಕೆ ಬೀಳುವ ಮೊದಲೇ. ಡಾಕ್ಟರು ಅವಳ ತುಟಿಯ ಒಳಗಿನ ಹಳೆಯ ಗಾಯದ ಗುರುತನ್ನು ಬೆರಳಿನಿಂದ ಸವರಿದರು. ಮಗಳು ಅವರ ಬೆರಳನ್ನೇ ನೋಡುತ್ತಿದ್ದಳು.

ನನ್ನನ್ನೂ ಮಗಳನ್ನೂ ಹೊರಗೆ ಕೂರಿಸಿದರು. ಗಾಜಿನ ಬಾಗಿಲಿನಿಂದ ಒಳಗಿನದು ಕಾಣುತ್ತಿತ್ತು. ತುಟಿಗಳನ್ನು ಪ್ಲಾಸ್ಟಿಕ್ ಚೌಕಟ್ಟಿನಿಂದ ಎಳೆದು ಹಿಡಿದಿದ್ದರು. ಕಣ್ಣಿಗೆ ಕಪ್ಪು ಕನ್ನಡಕ, ಹಲ್ಲಿನ ಮೇಲೆ ಔಷಧಿ, ಅದರ ಮೇಲೆ ನೀಲಿ ಬೆಳಕು. ಬೆಳಕು ಬಿದ್ದಾಗಲೆಲ್ಲ ಅವಳ ಕಾಲಬೆರಳುಗಳು ಮಡಚಿಕೊಳ್ಳುತ್ತಿದ್ದವು, ಬಾಯಿಂದ ಸದ್ದಿಲ್ಲ. ಅಂದೂ ಹೀಗೇ ಇದ್ದಳು. ಅದು ನೆನಪಾಗಿ ಮೈ ಉರಿಯಿತು. ಡಾಕ್ಟರ ಮೇಲೆ ಸಿಟ್ಟು, ಆ ಬೆಳಕಿನ ಮೇಲೆ ಸಿಟ್ಟು, ಬಾಯಿ ಬಿಟ್ಟು ಮಲಗಿದ ಅವಳ ಮೇಲೂ ಸಿಟ್ಟು.

ಎದುರಿನ ಬೆಂಚಿನಲ್ಲಿ ಒಬ್ಬ ಮೊಬೈಲು ನೋಡುತ್ತ ಕಿಸಕ್ಕನೆ ನಕ್ಕ. ಎದ್ದದ್ದು ನನಗೆ ನೆನಪಿಲ್ಲ. ಅವನ ಕಾಲರ್ ನನ್ನ ಮುಷ್ಟಿಯಲ್ಲಿತ್ತು, ಅವನ ತಲೆ ಗೋಡೆಗೆ ಬಡಿದಿತ್ತು. "ಯಾರನ್ನ ನೋಡಿ ನಗ್ತಿಲೇ," ಎಂದು ಇನ್ನೊಂದು ಕೈ ಎತ್ತಿದ್ದೆ. ಹಿಂದಿನಿಂದ ಯಾರೋ ಮಣಿಕಟ್ಟು ಹಿಡಿದರು. ಕೊಸರಿಕೊಂಡು ಅವರಿಗೂ ಒಂದು ಬಿಗಿಯಲು ತಿರುಗಿದರೆ, ಮಗಳು.

"ಅವ ಮೊಬೈಲ್ ನೋಡಿ ನಕ್ಕಾನಪ," ಎಂದಳು. ನನ್ನ ಎತ್ತಿದ ಕೈಯನ್ನು ನೋಡಿದಳು, ಒಳಗೆ ಮಲಗಿದ ಅವ್ವನನ್ನು ನೋಡಿದಳು.

ಕೆಲಸ ಮುಗಿದ ಮೇಲೆ ಡಾಕ್ಟರು ಕನ್ನಡಿ ಕೊಟ್ಟರು. ಹಲ್ಲುಗಳು ಎಷ್ಟೋ ತಿಳಿಯಾಗಿದ್ದವು. ನಡುವೆ ಅದೊಂದು, ಅಕ್ಕಿಯಲ್ಲಿ ಉಳಿದ ಭತ್ತದ ಕಾಳಿನಂತೆ. ಹದಿನೈದು ದಿನಕ್ಕೆ ತಪ್ಪದೆ ಕರೆದುಕೊಂಡು ಬರುತ್ತೇನೆ, ಹೊಸದು ಹಾಕಿಬಿಡಿ ಎಂದೆ. ಹೆಂಡತಿ ಕನ್ನಡಿ ಕೆಳಗಿಟ್ಟಳು.

"ಬ್ಯಾಡ್ರಿ. ಅದು ಹಂಗ ಇರ್ಲಿ."

ಸಿರುಗುಪ್ಪದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೇಡಿಕೊಂಡೆ. ಬೀಗರು ಏನಂದಾರು ಎಂದೆ, ಮಗಳ ಮರ್ಯಾದೆ ಎಂದೆ. ನನ್ನ ಮರ್ಯಾದೆ ಎಂದು ಮಾತ್ರ ಹೇಳಲಿಲ್ಲ. ಅವಳು ಕಿಟಕಿಯ ಆಚೆ ಗದ್ದೆ ನೋಡುತ್ತ ಕೂತಿದ್ದಳು.

ನಿಶ್ಚಯದ ದಿನ ಕುರುಗೋಡಿನಲ್ಲಿ ಹುಡುಗನ ಮನೆಯ ಪಡಸಾಲೆ ತುಂಬ ಜನ. ಎರಡೂ ಕಡೆಯವರು ತಾಂಬೂಲ ಬದಲಾಯಿಸಿಕೊಂಡರೆ ಸಂಬಂಧ ಗಟ್ಟಿ, ಆಮೇಲೆ ಹಿಂದೆ ಸರಿಯುವ ಮಾತಿಲ್ಲ. ನಮ್ಮ ತಾಂಬೂಲದ ತಟ್ಟೆ ಹೆಂಡತಿಯ ಕೈಯಲ್ಲಿತ್ತು. ಬೀಗರು ಬೀಗರು ಕೂಡಿದ ಮೇಲೆ ಚೇಷ್ಟೆ ಇದ್ದದ್ದೇ. ಹುಡುಗನ ತಾಯಿ ಅವಳಿಗೆ ಕುಂಕುಮ ಹಚ್ಚಿ ನಕ್ಕರು.

"ಏನ್ರಿ ಬೀಗ್ತಿ, ಎಲ್ಲಾ ಹಲ್ಲು ತೊಳದು ಒಂದು ಯಾಕ ಬಿಟ್ಟೀರಿ?"

ಎಲ್ಲರೂ ನಕ್ಕರು. ಹೆಂಡತಿಯೂ ನಕ್ಕಳು. ಸೆರಗು ಹೆಗಲ ಮೇಲೆಯೇ ಇತ್ತು.

"ಅದು ತೊಳದ್ರ ಹೋಗಾದಲ್ರಿ. ನಾ ನಕ್ಕೆ ಅಂತ ನಮ್ಮ ಮನಿಯವ್ರು ತಂಬಿಗಿ ತಗೊಂಡು ಹೊಡದು ಮುರದ್ರು. ಅವತ್ತು ನಮ್ಮ ಕಡೆ ಹಿರಿಯರು ಯಾರೂ ಕೇಳಲಿಲ್ಲ, ಅದಕ್ಕ ಇವತ್ತು ನಾ ಕೇಳ್ತೀನಿ. ನಿಮ್ಮ ಮಗ ಹೊಡೀತಾನೇನ್ರಿ? ಈಗ ಹೇಳಿಬಿಡ್ರಿ. ತಾಂಬೂಲ ಇನ್ನಾ ನನ್ನ ಕೈಯಾಗ ಐತಿ."

ಪಡಸಾಲೆಯಲ್ಲಿದ್ದ ಎಲ್ಲರ ಕಣ್ಣು ನನ್ನ ಮೇಲೆ. ಅವಳನ್ನು ಅಲ್ಲೇ ಹೊಡೆದು ಕೆಡವಬೇಕು ಎಂದು ಕೈ ಎದ್ದಿತು, ನಿಜ. ಆ ಕೈಯನ್ನು ತೊಡೆಯ ಕೆಳಗೆ ತುರುಕಿ ಅದರ ಮೇಲೆ ಕೂತೆ. ಹುಡುಗ ಎದ್ದು ನಿಂತ. ಮುಖ ಕೆಂಪಾಗಿತ್ತು.

"ಇಲ್ರಿ ಅತ್ತಿ. ಹೊಡಿಯಂಗಿಲ್ಲ."

"ಎಲ್ಲಾರೂ ಕೇಳೀರಲ್ಲ," ಎಂದಳು ಹೆಂಡತಿ. ಮಗಳ ಕಡೆ ತಿರುಗಿದಳು. ಮಗಳು ತಲೆಯಾಡಿಸಿದ ಮೇಲೆಯೇ ತಟ್ಟೆ ಕೊಟ್ಟಳು.

ಮದುವೆಯಾಗಿ ಮಗಳು ಸುಖವಾಗಿದ್ದಾಳೆ, ತಿಂಗಳಿಗೊಮ್ಮೆ ಬರುತ್ತಾಳೆ, ಅಪ್ಪ ಎಂದೇ ಕರೆಯುತ್ತಾಳೆ. ಮೊದಲೆಲ್ಲ ನಾನು ಕೆಲಸದಿಂದ ಬಂದರೆ ನೀರಿನ ತಂಬಿಗೆಯನ್ನು ಓಡಿ ಬಂದು ಕೈಗೆ ಕೊಡುತ್ತಿದ್ದಳು. ಈಗಲೂ ನೀರು ತರುತ್ತಾಳೆ. ನಾನು ಕೈ ಚಾಚುತ್ತೇನೆ. ಅವಳು ತಂಬಿಗೆಯನ್ನು ನೆಲದ ಮೇಲೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾಳೆ.