ಬಸ್ ಹತ್ತದೆ ಮುಗಿಸಿದ ಓಟ

ಸೇಡಂನಲ್ಲಿ ನಲವತ್ತು ದಾಟಿದ ಹೆಂಗಸೊಬ್ಬಳು ರಸ್ತೆಯಲ್ಲಿ ಓಡುತ್ತಿದ್ದರೆ ನೋಡುವವರಿಗೆ ಎರಡೇ ಕಾರಣ ಹೊಳೆಯುತ್ತವೆ: ಬಸ್ಸು ತಪ್ಪಿರಬೇಕು, ಇಲ್ಲವೇ ಮನೆಯಲ್ಲಿ ಯಾರಿಗೋ ಏನೋ ಆಗಿರಬೇಕು. ನಾನು ಕುರಕುಂಟಾ ರಸ್ತೆಯಲ್ಲಿ ಓಡಲು ಶುರುಮಾಡಿದ ಹೊಸದರಲ್ಲಿ ಯಾರಾದರೊಬ್ಬರು ಬೈಕ್ ನಿಲ್ಲಿಸಿಯೇ ನಿಲ್ಲಿಸುತ್ತಿದ್ದರು.

"ಯಾಕ್ರೀ ಟೀಚರ್, ಬಸ್ ತಪ್ತೇನ್ರಿ? ಕುಂದ್ರಿ, ಬಿಟ್ಟು ಬರ್ತೀನಿ."

"ಇಲ್ರೀ, ಸುಮ್ನ ಓಡ್ಲಿಕತ್ತೀನಿ."

"ಸುಮ್ನೇನಾ?" ಎನ್ನುವರು. ಸ್ವಲ್ಪ ದೂರ ನನ್ನ ಪಕ್ಕದಲ್ಲೇ ಬೈಕ್ ಬಿಡುತ್ತಾ ಬಂದು, ನಂಬದೆ ಮುಂದೆ ಹೋಗುವರು.

ನಾನು ಇಲ್ಲಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಸಕ್ಕರೆ ಕಾಯಿಲೆ ಇದೆ, ದಿನಾ ನಡೆಯಿರಿ ಎಂದು ಕಲಬುರಗಿಯ ಡಾಕ್ಟರು ಹೇಳಿದ್ದರು. ನಡೆಯುವುದು ನನಗೆ ಬೇಸರ ತರುತ್ತಿತ್ತು. ಒಂದು ಬೆಳಿಗ್ಗೆ ತೊಗರಿ ಹೊಲಗಳ ಪಕ್ಕ ಯಾರೂ ಇಲ್ಲದ್ದನ್ನು ನೋಡಿ ಓಡಿದೆ. ಎದೆ ಹೊಡೆದುಕೊಂಡಿತು, ಬೆವರು ಕಣ್ಣಿಗಿಳಿಯಿತು, ಮನೆಗೆ ಬಂದಾಗ ಮಾತ್ರ ಮನಸ್ಸು ಹಗುರಾಗಿತ್ತು. ಎರಡು ವರ್ಷದಲ್ಲಿ ಕುರಕುಂಟಾಕ್ಕೆ ಓಡಿ ಹೋಗಿ ಓಡಿಯೇ ಬರುವಷ್ಟಾದೆ. ಆಮೇಲೆ ಹೈದರಾಬಾದಿನ ಮ್ಯಾರಥಾನಿಗೆ ಹೆಸರು ಕೊಟ್ಟೆ. ಅಲ್ಲಿ ಫ್ಲೈಓವರುಗಳು ಬಹಳ ಎಂದು ಕೇಳಿದ್ದೆ. ನಮ್ಮ ಊರು ತಾಟಿನ ಹಾಗೆ ಸಮ. ಅದಕ್ಕೇ ಭಾನುವಾರಗಳಂದು ಚಂದಾಪುರದ ತವರಿಗೆ ಹೋಗಿ, ಚಿಂಚೋಳಿ ಆಚೆಯ ಕಾಡಿನ ರಸ್ತೆಯ ಏರುಗಳನ್ನು ಹತ್ತಿ ಇಳಿದು ಕಾಲು ಗಟ್ಟಿ ಮಾಡಿಕೊಂಡೆ.

ನನ್ನ ಗಂಡನದು ಶಹಾಬಾದ್ ಕಲ್ಲಿನ ವ್ಯಾಪಾರ. ಓಟದ ವಾರವೇ ಅವರಿಗೆ ಲಾರಿ ಲೋಡು ಕಳಿಸುವುದಿತ್ತು. "ನಾ ಹೋಗ್ತೀನಿ ಅಕಿ ಜೋಡಿ" ಎಂದು ಅತ್ತೆ ಎದ್ದು ನಿಂತರು. ಅವರ ತಂಗಿಯ ಮನೆ ಹೈದರಾಬಾದಿನಲ್ಲೇ ಇತ್ತು. ರೈಲಿನಲ್ಲಿ ಕೂತ ಮೇಲೆ ಅವರು ಕೇಳಿದರು:

"ನಲವತ್ತೆರಡು ಕಿಲೋಮೀಟರ್ ಅಂದ್ರ ಎಷ್ಟು ದೂರ ಆಗ್ತದವಾ?"

"ಹೆಚ್ಚು ಕಡಿಮಿ ನಮ್ಮೂರಿಂದ ಚಿತ್ತಾಪುರ ದಾಟಿ ವಾಡಿ ತನಕ ಅಂತ ತಿಳೀರಿ ಅತ್ತಿ."

"ವಾಡಿಗಿ ರೈಲ್ ಅದಲ್ಲ!" ಎಂದರು. ಎದುರಿಗೆ ಕೂತವರು ನಕ್ಕರು. ನಾನೂ ನಕ್ಕೆ.

ಓಟದ ಹಿಂದಿನ ರಾತ್ರಿ ಅತ್ತೆಯ ತಂಗಿಯ ಮನೆಯಲ್ಲಿ ಜೋಳದ ರೊಟ್ಟಿ, ಬೇಳೆ ಉಂಡು ಬೇಗ ಮಲಗಿದೆ. ಬೆಳಕು ಹರಿಯುವ ಮುಂಚೆ ಜಿನುಗು ಮಳೆಯಲ್ಲಿ ಓಟ ಶುರುವಾಯಿತು. ಸಾವಿರಾರು ಜನ. ಒಬ್ಬೊಬ್ಬರ ಕೈಯಲ್ಲೂ ಗುಂಯ್ ಎನ್ನುವ ಗಡಿಯಾರ, ಸೊಂಟಕ್ಕೆ ಪಟ್ಟಿ, ಕಣ್ಣಿಗೆ ಬಣ್ಣದ ಕನ್ನಡಕ. ನಾನು ಚೂಡಿದಾರದಲ್ಲಿದ್ದೆ. ಕಿಸೆಯಲ್ಲಿ ಅತ್ತೆ ಕಟ್ಟಿಕೊಟ್ಟ ಶೇಂಗಾ ಉಂಡೆಗಳಿದ್ದವು. ಎಲ್ಲರೂ ನನ್ನನ್ನು ದಾಟಿ ಹೋದರು, ಹೋಗಲಿ ಎಂದುಕೊಂಡೆ. ಮೊದಲ ಫ್ಲೈಓವರಿನಲ್ಲಿ ಅವರಲ್ಲಿ ಅರ್ಧ ಜನ ಏದುಸಿರು ಬಿಡುತ್ತಾ ನಡೆಯುತ್ತಿದ್ದರು. ನಾನು ಅದೇ ನಿಧಾನದ ಓಟದಲ್ಲಿ ಹತ್ತಿ ಆಚೆ ಇಳಿದೆ. ಮುಗಿಸುತ್ತೇನೆ ಎಂಬುದರಲ್ಲಿ ನನಗೆ ಅಲ್ಲಿಯೂ ಸಂಶಯವಿರಲಿಲ್ಲ, ಆಮೇಲೂ ಬರಲಿಲ್ಲ.

ಮಳೆ ನಿಂತು ಬಿಸಿಲು ಬಂತು. ರಸ್ತೆಯಿಂದ ಹಬೆ ಏಳತೊಡಗಿತು. ಮೂರು ಪಾಲಿನಲ್ಲಿ ಎರಡು ಪಾಲು ದಾಟಿದ ಮೇಲೆ ತೊಡೆಗಳು ಕಲ್ಲಾದವು, ಎಡಗಾಲಿನ ಹೆಬ್ಬೆರಳು ಬೂಟಿನೊಳಗೆ ಉರಿಯುತ್ತಿತ್ತು. ಹೊತ್ತು ಲೆಕ್ಕಕ್ಕಿಂತ ಜಾಸ್ತಿ ಆಗಿತ್ತು. ಹಿಂದಿನಿಂದ ಒಂದು ಬಸ್ಸು ಮೆಲ್ಲಗೆ ಬಂದು ನನ್ನ ಪಕ್ಕದಲ್ಲಿ ನಿಂತಿತು. ಹಿಂದೆ ಬಿದ್ದವರನ್ನು ಎತ್ತಿಕೊಂಡು ಹೋಗುವ ಬಸ್ಸು. ಸೀಟಿ ಕೊರಳಿಗೆ ಹಾಕಿದ ಹುಡುಗನೊಬ್ಬ ಇಳಿದ.

"ಅಮ್ಮಾ, ಬಸ್ ಮೇ ಬೈಠೋ. ರೋಡ್ ಖೋಲ್ನಾ ಹೈ."

ರಸ್ತೆಯನ್ನು ವಾಹನಗಳಿಗೆ ಬಿಡುವ ಹೊತ್ತಾಗಿತ್ತು, ಅವನದೇನೂ ತಪ್ಪಿರಲಿಲ್ಲ. ಅವನ ಹೈದರಾಬಾದಿ ಉರ್ದು ಕೇಳಿ ನನಗೆ ನಮ್ಮ ಸೇಡಂ ಬಜಾರಿನಲ್ಲೇ ಇದ್ದ ಹಾಗಾಯಿತು. ಅದೇ ಭಾಷೆಯಲ್ಲಿ, "ನಕ್ಕೋ ಬೇಟಾ. ರೋಡ್ ತುಮ್ ಲೇವೋ, ಮೈ ಫುಟ್‌ಪಾತ್ ಪೇ ಆತೀ" ಎಂದೆ.

ಅವನು ತಲೆ ಕೆರೆದುಕೊಂಡ. ಫುಟ್‌ಪಾತಿನಲ್ಲಿ ಓಡಬೇಡಿ ಎನ್ನಲು ಅವನಿಗೆ ಕಾರಣ ಸಿಗಲಿಲ್ಲ. ಸಮಯ ದಾಖಲಾಗುವುದಿಲ್ಲ ಎಂದಷ್ಟೇ ಹೇಳಿದ. ಆಗದಿದ್ದರೆ ಬೇಡ ಎಂದು ಫುಟ್‌ಪಾತು ಹತ್ತಿದೆ.

ಬಸ್ಸಿನ ಕಿಟಕಿಯಿಂದ ಒಬ್ಬಾಕೆ ಇದೆಲ್ಲ ನೋಡುತ್ತಿದ್ದಳು. ನನ್ನ ವಯಸ್ಸಿನವಳೇ. ತಲೆಗೆ ಬಿಗಿಯಾಗಿ ಸ್ಕಾರ್ಫ್ ಕಟ್ಟಿದ್ದಳು. ಮೊಣಕಾಲು ನೋವೆಂದು ಆಗಷ್ಟೇ ಬಸ್ಸು ಹತ್ತಿದ್ದಳಂತೆ. ಬಸ್ಸು ಹೊರಡುವಷ್ಟರಲ್ಲಿ, "ಠೈರೋ, ಮೈ ಬೀ ಆತೀ!" ಎಂದು ಕೂಗುತ್ತಾ ನನ್ನ ಜೊತೆ ಬರಲು ಇಳಿದೇಬಿಟ್ಟಳು.

ಅವಳು ಇಳಿದದ್ದು ನನ್ನ ಪುಣ್ಯ. ದಾರಿ ತೋರಿಸುವ ಬಾಣದ ಗುರುತುಗಳನ್ನು ಆಗಲೇ ಬಿಚ್ಚಿ ಒಯ್ದಿದ್ದರು. ನಾನೊಬ್ಬಳೇ ಆಗಿದ್ದರೆ ಎಲ್ಲಿಗೆ ಹೋಗಿ ಮುಟ್ಟುತ್ತಿದ್ದೆನೋ. ಅವಳಿಗೆ ಆ ಊರಿನ ಓಣಿ ಓಣಿ ಗೊತ್ತಿತ್ತು. ಅವಳು ದಾರಿ ಹೇಳಿದಳು, ನಾನು ವೇಗ ಹಿಡಿದೆ. ಅವಳ ಮೊಣಕಾಲು ಹಿಡಿದುಕೊಂಡಾಗ ನಡೆದೆವು, ಬಿಟ್ಟಾಗ ಓಡಿದೆವು. ತರಕಾರಿ ಗಾಡಿಗಳು, ಇಡ್ಲಿ ಬಂಡಿಗಳು, ಬಸ್ಸಿಗೆ ಕಾಯುವ ಜನ, ಎಲ್ಲರ ನಡುವೆ ದಾರಿ ಮಾಡಿಕೊಂಡು ಹೋದೆವು. ಉಳಿದ ಶೇಂಗಾ ಉಂಡೆ ಇಬ್ಬರೂ ತಿಂದೆವು. ಅವಳು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದಳು, ಓಡುವುದನ್ನು ಮನೆಯಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. "ಇವತ್ತು ಮುಗಿಸೇ ಹೋಗೋಣ" ಎಂದೆ. "ಮತ್ತೇನು, ಇಳಿದದ್ದು ಯಾಕೆ?" ಎಂದಳು ತನ್ನದೇ ಭಾಷೆಯಲ್ಲಿ.

ಕೊನೆಗೆ ಮೈದಾನದ ಗೇಟು ಬಂತು. ಒಳಗೆ ಪೆಂಡಾಲು ಬಿಚ್ಚಿಯಾಗಿತ್ತು, ಕುರ್ಚಿಗಳನ್ನು ಲಾರಿಗೆ ಏರಿಸುತ್ತಿದ್ದರು. ಮುಕ್ತಾಯದ ಕಮಾನು ಒಂದೇ ನಿಂತಿತ್ತು. ಅದರ ಅಡಿಯಲ್ಲಿ, ಸರಿಯಾಗಿ ನಡುವೆ, ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ನನ್ನ ಅತ್ತೆ ಕೂತಿದ್ದರು. ಸುತ್ತ ನಾಲ್ಕೈದು ಕೂಲಿಯವರು ಸ್ಪ್ಯಾನರ್ ಹಿಡಿದುಕೊಂಡು ಕಾಯುತ್ತಿದ್ದರು. ಅತ್ತೆಯ ತಂಗಿ ನನ್ನನ್ನು ಕಂಡವರೇ ಓಡಿ ಬಂದರು.

"ಏಳು ಅಂದ್ರ ಏಳವಲ್ಲಳವಾ! ನನ್ನ ಸೊಸಿ ಬರ್ತಾಳ, ಅಕಿ ಬಂದ ಮ್ಯಾಲ ಬಿಚ್ಚಕೋರಿ ಅಂತ ಹಟ ಹಿಡದು ಕುಂತಾಳ."

ಕೂಲಿಯವರಿಗೆ ಕನ್ನಡ ಬಾರದು, ಅತ್ತೆಗೆ ತೆಲುಗು ಅಷ್ಟಕ್ಕಷ್ಟೇ. ಆದರೂ ಅವರು ಕಾದಿದ್ದರು.

ನಾವಿಬ್ಬರೂ ಕೈ ಹಿಡಿದುಕೊಂಡು ಆ ಕುರ್ಚಿಯ ಎರಡೂ ಕಡೆಯಿಂದ ಕಮಾನು ದಾಟಲು ಹೋದೆವು, ಕುರ್ಚಿ ಅಡ್ಡ ಬಂದು ಕೈ ಬಿಡಬೇಕಾಯಿತು. ಕೂಲಿಯವರು ಚಪ್ಪಾಳೆ ತಟ್ಟಿದರು. ಆಗ ಅತ್ತೆ ಎದ್ದರು.

"ಬಂದ್ಯಾ? ಭಾಳ ತಡಾ ಮಾಡ್ದಿ," ಎಂದು ಸೆರಗಿನಿಂದ ನನ್ನ ಮುಖ ಒರೆಸಿ, "ಈಕಿ ಯಾರು?" ಎಂದರು.

"ಗೆಳತಿ, ಅತ್ತಿ."

ಅದೇ ಸೆರಗಿನಿಂದ ಅವಳ ಮುಖವನ್ನೂ ಒರೆಸಿದರು. ಅವಳು ಅಲ್ಲಿಯವರೆಗೆ ಗಟ್ಟಿಯಾಗಿದ್ದವಳು ಗಳಗಳ ಅತ್ತುಬಿಟ್ಟಳು. ಅಲ್ಲಿದ್ದ ಹುಡುಗಿಯೊಬ್ಬಳು ಟೇಪು ಸುತ್ತಿದ ಡಬ್ಬಿಯನ್ನು ಮತ್ತೆ ಹರಿದು ಎರಡು ಪದಕ ತೆಗೆದು ನಮ್ಮ ಕೊರಳಿಗೆ ಹಾಕಿದಳು.

ಮರಳಿ ಬರುವ ರೈಲಿನಲ್ಲಿ ನನ್ನ ಕಾಲುಗಳು ಬೂಟಿಗೆ ಹಿಡಿಸದಷ್ಟು ಊದಿದ್ದವು. ಎದುರು ಸೀಟಿನ ಮೇಲೆ ಚಾಚಿ ಕೂತಿದ್ದೆ. ಪದಕ ಅತ್ತೆಯ ಕೈಯಲ್ಲಿತ್ತು. ಬೋಗಿಯ ಆ ತುದಿಯಿಂದ ಈ ತುದಿವರೆಗೆ ಅದನ್ನು ತೋರಿಸಿ ಬಂದರು. ಯಾರೋ ಕೇಳಿದರು, "ಎಷ್ಟನೇ ನಂಬರ್ ಬಂದಾರ್ರೀ?"

"ನಂಬರ್ ಬರೆಯೋ ಮಂದಿ ಮನಿಗಿ ಹೋಗಿದ್ರು," ಎಂದರು ಅತ್ತೆ. "ಇಕಿ ಇನ್ನೂ ಓಡ್ಲಿಕತ್ತಿದ್ಳು."

ಅದನ್ನು ಅವರು ಹೊಗಳಿಕೆಯಂತೆಯೇ ಹೇಳಿದರು, ನಾನೂ ಹಾಗೆಯೇ ತೆಗೆದುಕೊಂಡೆ. ತಾಂಡೂರು ದಾಟುವ ಹೊತ್ತಿಗೆ ನಿದ್ದೆ ಹತ್ತಿತ್ತು.