ಉಂಡಿ ಡಬ್ಬಿಯ ಬೀಗರು

ಇರುವೆಯೊಂದನ್ನು ಹೆಬ್ಬೆರಳಿನಲ್ಲಿ ಹೊಸಕಿ ಮೂಗಿಗೆ ಹಿಡಿದವರಿಗೆ ಆ ವಾಸನೆ ಗೊತ್ತಿರುತ್ತದೆ. ಪೂರ್ತಿ ಹುಳಿಯೂ ಅಲ್ಲದ, ಪೂರ್ತಿ ಖಾರವೂ ಅಲ್ಲದ ಒಂದು ಘಾಟು. ಹೋದ ತಿಂಗಳು ಹೊಸಪೇಟೆಯ ನಮ್ಮ ಮನೆಯ ಅಡುಗೆಕಟ್ಟೆಯ ಮೇಲೆ ಇರುವೆ ಸಾಲು ಹಿಡಿದಾಗ, ಮಗಳ ಒತ್ತಾಯಕ್ಕೆ ಔಷಧಿ ಹೊಡೆಯುವವನನ್ನು ಕರೆಸಿದ್ದೆ. ಬೆನ್ನಿಗೊಂದು ಸಿಲಿಂಡರು, ಮೂತಿಗೊಂದು ಮಾಸ್ಕು, ಕೊರಳಲ್ಲಿ ಫೋಟೊ ಇರುವ ಕಾರ್ಡು. ನಡುವಯಸ್ಸಿನ ಆ ಮಹಾಶಯ ಒಳಗೆ ಬಂದವನೇ, "ವಾಸನಿ ಇರಂಗಿಲ್ರಿ ಮೇಡಂ, ಹರ್ಬಲ್ಲು. ಒಂದು ವರ್ಷ ಗ್ಯಾರಂಟಿ. ನೀವು ಮಾತ್ರ ಮೂರು ತಾಸು ಹೊರಗ ಇರ್ರಿ" ಎಂದ. ಇರುವೆಗಳನ್ನು ಮನೆ ಬಿಡಿಸಲು ಮೊದಲು ಮನೆಯವರೇ ಮನೆ ಬಿಡಬೇಕಾದ ವಿದ್ಯೆ ಇದು! ಅಕ್ಕಿ ಡಬ್ಬಿ, ಹಾಲಿನ ಪಾತ್ರೆ ಹೊತ್ತುಕೊಂಡು ಮೂರು ತಾಸು ಮೆಟ್ಟಿಲ ಮೇಲೆ ಕೂತೆವು. ಐದನೆಯ ದಿನ ಅವು ಸ್ವಿಚ್ ಬೋರ್ಡಿನೊಳಗಿಂದ ಇಳಿದು ಬಂದವು, ಮೊದಲಿಗಿಂತ ದಪ್ಪನೆಯ ಸಾಲಾಗಿ. ಸಿಟ್ಟಿಗೆ ಒಂದನ್ನು ಹೊಸಕಿದೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಕಂಪ್ಲಿಯ ಮನೆಯ ಬೆಲ್ಲದ ಕೋಣೆಯಲ್ಲಿ ನಿಂತಿದ್ದೆ, ಒಂಬತ್ತು ವರ್ಷದವಳಾಗಿ.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಮೊಳಕ್ಕಿಂತ ದಪ್ಪನೆಯ ಗೋಡೆಗಳು, ನಡುವೆ ಪಡಸಾಲೆ, ಹಿಂದೆ ಬೇವಿನ ಮರದ ಹಿತ್ತಲು. ಹೊಳೆಯ ಕಡೆಯ ಹೊಲದಲ್ಲಿ ಕಬ್ಬು ಬೆಳೆಯುತ್ತಿದ್ದೆವು. ಚಳಿಗಾಲದಲ್ಲಿ ಗಾಣ ಹೂಡಿದರೆ ಬೆಲ್ಲದ ಗಟ್ಟಿಗಳು ಬಂಡಿಯಲ್ಲಿ ಬಂದು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಸೂರಿನ ತನಕ ಏರಿ ಕೂರುತ್ತಿದ್ದವು. ಕಿಟಕಿಯಿಲ್ಲದ ಆ ಕೋಣೆಯ ಬಾಗಿಲು ತೆಗೆದರೆ ಅಲ್ಲಿನ ಕತ್ತಲೆಯೇ ಸಿಹಿಯೆನಿಸುತ್ತಿತ್ತು. ಬೆಲ್ಲವಿದ್ದಲ್ಲಿ ಇರುವೆ ಇರದೆ ಇನ್ನೇನು? ಕೆಂಪನೆಯ ಸಣ್ಣವು ಗೋಡೆಯ ಬಿರುಕಿನಿಂದ, ಕರಿ ಗೊದ್ದಗಳು ಬೇವಿನ ಬೇರಿನಿಂದ, ಹೆಸರೇ ಗೊತ್ತಿಲ್ಲದ ಇನ್ನೊಂದು ಜಾತಿ ಸೂರಿನ ಜಂತಿಯಿಂದ. ಮನುಷ್ಯರು ಎಂಟು ಜನ ಇದ್ದ ಆ ಮನೆಯಲ್ಲಿ ನಿಜವಾದ ಒಕ್ಕಲು ಅವೇ. ಈಗಿನ ಮನೆಗಳಲ್ಲಿ ಒಂದು ಇರುವೆ ಕಂಡರೆ ಹಾವು ಕಂಡವರಂತೆ ಚೀರುತ್ತಾರೆ. ಆಗ ಹಾಲಿನಲ್ಲಿ ಬಿದ್ದರೆ ಬೆರಳಿನಿಂದ ತೆಗೆದು ಕುಡಿಯುತ್ತಿದ್ದೆವು, ಕಣ್ಣು ಚುರುಕಾಗುತ್ತದೆ ಎಂದು ಅವ್ವ ಹೇಳುತ್ತಿದ್ದಳು. ನನಗೆ ಏಳನೇ ಇಯತ್ತೆಯಲ್ಲೇ ಕನ್ನಡಕ ಬಂತು, ಆ ಮಾತು ಬೇರೆ.

ನಿಮ್ಮ ಮನೆಯಲ್ಲೂ ಒಬ್ಬ ಅಜ್ಜಿ ಇದ್ದಿರಬೇಕು. ಕತ್ತಲಾದ ಮೇಲೆ ಹಾವನ್ನು ಹಾವೆನ್ನದೆ ಹುಳ ಎನ್ನುವವಳು, ಹೆಸರು ಹಿಡಿದು ಕರೆದರೆ ಬಂದುಬಿಡುತ್ತದೆ ಎಂದು ನಂಬಿದವಳು. ನಮ್ಮಜ್ಜಿ ಆ ನಿಯಮವನ್ನು ಇರುವೆಗೂ ಹಚ್ಚಿದ್ದಳು. ಬೆಲ್ಲದ ಕೋಣೆಯೊಳಗಷ್ಟೇ ಅಲ್ಲ, ಮನೆಯ ಯಾವ ಮೂಲೆಯಲ್ಲೂ ಯಾರೂ 'ಇರುವಿ' ಎನ್ನುವಂತಿರಲಿಲ್ಲ. 'ಬೀಗರು' ಎನ್ನಬೇಕು. ಯಾಕಜ್ಜಿ ಎಂದು ಕೇಳಿದರೆ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. "ಕರೀದನ ಬರ್ತಾರ, ಬಂದ ಮ್ಯಾಲೆ ಮೂಲಿ ಮೂಲಿ ಇಣುಕಿ ನೋಡ್ತಾರ, ಸಿಹಿ ಉಂಡ ಮ್ಯಾಲೂ ಏಳಂಗಿಲ್ಲ, ಎದ್ದು ಹೋಗ್ರಿ ಅನ್ನಾಕ ನಮಗ ಬಾಯಿ ಬರಂಗಿಲ್ಲ. ಬೀಗರಲ್ದ ಮತ್ಯಾರು?" ಬೀಗರೆಂದ ಮೇಲೆ ಕೊಲ್ಲುವುದು ಹೇಗೆ? ಅಜ್ಜಿ ಕೊಲ್ಲುತ್ತಿರಲಿಲ್ಲ, ಕಳಿಸಿಕೊಡುತ್ತಿದ್ದಳು. ಬೆಲ್ಲ ಪೇರಿಸಿದ ಮಂಚದ ನಾಲ್ಕು ಕಾಲಿಗೂ ನೀರು ತುಂಬಿದ ತಟ್ಟೆ, ತುಪ್ಪದ ಗಡಿಗೆ ನೆಲುವಿನ ಮೇಲೆ, ಹೊಸ್ತಿಲಿಗೆ ಅರಿಸಿನದ ಗೆರೆ. ಇಷ್ಟಾದ ಮೇಲೂ ಸಾಲು ನಿಲ್ಲದಿದ್ದರೆ ನುಚ್ಚು, ಬೆಲ್ಲದ ಪುಡಿ ಕಲಸಿ, ಗೋಡೆಯ ತೂತಿನಿಂದ ಹಿತ್ತಲ ಬೇವಿನ ಬುಡದ ತನಕ ಗೆರೆ ಎಳೆಯುತ್ತ ಬಗ್ಗಿ ನಡೆಯುತ್ತಿದ್ದಳು. "ಹಿತ್ತಲದಾಗ ಎಲಿ ಹಾಕೀವ್ರಿ, ಆ ಕಡಿ ಬರ್ರಿ, ಉಂಡು ಹೋಗ್ರಿ" ಎಂದು ಬಹುವಚನದಲ್ಲೇ ಕರೆಯುತ್ತಿದ್ದಳು. ಅವೆಲ್ಲ ಹೋಗುತ್ತಿದ್ದವೇ ಎಂದು ಕೇಳಬೇಡಿ. ಅರ್ಧ ಹೋಗುತ್ತಿದ್ದವು. ಉಳಿದ ಅರ್ಧಕ್ಕೆ ಒಳಗಿನ ಊಟವೇ ರುಚಿಸುತ್ತಿತ್ತು.

ಇದನ್ನು ಕಂಡರೆ ಆಗದವನು ನನ್ನ ಕಾಕಾ, ಅಪ್ಪನ ತಮ್ಮ. ಸಂಡೂರಿನ ಗಣಿ ಕಚೇರಿಯಲ್ಲಿ ಗುಮಾಸ್ತ. ಶನಿವಾರ ಮಧ್ಯಾಹ್ನ ಕೆಂಪು ಧೂಳು ಮೆತ್ತಿದ ಪ್ಯಾಂಟಿನಲ್ಲಿ ಬಸ್ಸಿಳಿದು ಬರುತ್ತಿದ್ದ, ಕಂಕುಳಲ್ಲಿ ಇರುವೆ ಕೊಲ್ಲುವ ಗಮಾಕ್ಸಿನ್ ಪುಡಿಯ ಡಬ್ಬಿ. ಆ ಮುಗ್ಗಲು ವಾಸನೆ ಅವನಿಗಿಂತ ಮುಂಚೆ ಹೊಸ್ತಿಲು ದಾಟುತ್ತಿತ್ತು. ಊಟಕ್ಕೂ ಕೂರದೆ ಮೂಗಿಗೆ ಕರವಸ್ತ್ರ ಕಟ್ಟಿ ಬೆಲ್ಲದ ಕೋಣೆಗೆ ನುಗ್ಗುತ್ತಿದ್ದ. ಗಣಿಯಲ್ಲಿ ಸಾಹೇಬರ ಮುಂದೆ ವಾರವಿಡೀ ಬಗ್ಗಿದ ಬೆನ್ನು ಇರುವೆ ಸಾಲಿನ ಮುಂದೆ ನೆಟ್ಟಗಾಗುತ್ತಿತ್ತು. ಸತ್ತವನ್ನು ಕಾಗದದ ಮೇಲೆ ಗುಡಿಸಿ ತಂದು, ಒಬ್ಬೊಬ್ಬರ ಮುಖದ ಮುಂದೆಯೂ ಹಿಡಿದು, "ಸೈನ್ಸು ಅಂದ್ರ ಇದು, ನೋಡ್ರಿ" ಎನ್ನುತ್ತಿದ್ದ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ! ಅದೂ ತಾಗದ ಬ್ರಹ್ಮಾಸ್ತ್ರ. ಮಂಗಳವಾರದ ಹೊತ್ತಿಗೆ ಬೇರೆ ಗೋಡೆಯಿಂದ ಬೇರೆ ಸಾಲು ಹೊರಡುತ್ತಿತ್ತು. ಬುಧವಾರದ ತನಕ ಕೆಮ್ಮುತ್ತಿದ್ದವರು ಮಾತ್ರ ನಾವು. ಒಂದು ವಿಷಯದಲ್ಲಿ ಅವನೂ ತಾಯಿಗೆ ತಕ್ಕ ಮಗ. ಹುಟ್ಟಿನಿಂದ ಕೇಳಿದ ಪದ ಅವನ ನಾಲಿಗೆಯನ್ನೂ ಬಿಟ್ಟಿರಲಿಲ್ಲ. "ಈ ಸಲ ಬೀಗರು ಒಬ್ಬರೂ ಉಳ್ಯಂಗಿಲ್ಲ" ಎನ್ನುತ್ತಲೇ ಪುಡಿ ಉದುರಿಸುತ್ತಿದ್ದ.

ಇವರಿಬ್ಬರ ನಡುವೆ ನಗುತ್ತ ಓಡಾಡಿಕೊಂಡಿದ್ದವಳು ಶಾಂತತ್ತೆ, ಅಪ್ಪನ ಕೊನೆಯ ತಂಗಿ. ಊರಿನ ಬಾಲವಾಡಿಯಲ್ಲಿ ಟೀಚರು. ಮೂಗು ಸುರಿಸುವ ಮೂವತ್ತು ಮಕ್ಕಳಿಗೆ ಅವಳೆಂದರೆ ಪ್ರಾಣ, ಅವಳಿಗೂ ಹಾಗೆಯೇ. ಮೂರು ಸಂಬಂಧಗಳು ಬಂದು ಹೋಗಿದ್ದವು. ಮೂವರದೂ ಒಂದೇ ಮಾತು, ಲಗ್ನವಾದ ಮೇಲೆ ಶಾಲೆ ಬಿಡಬೇಕು. ಮೂವರಿಗೂ ಅವಳೇ ಒಲ್ಲೆ ಎಂದಿದ್ದಳು. ವಯಸ್ಸು ಇಪ್ಪತ್ತೇಳು ದಾಟಿತ್ತು, ಅಜ್ಜಿಗೆ ನಿದ್ದೆ ಬರುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಬುಕ್ಕಸಾಗರದಿಂದ ನಾಲ್ಕನೆಯ ಸಂಬಂಧ ಬಂತು. ಬತ್ತದ ಗದ್ದೆ, ಬಾಳೆ ತೋಟ ಇದ್ದವರು. ಹೆಣ್ಣು ನೋಡಲು ಬಂದ ದಿನ ಯಾರೋ ಹಿರಿಯರು ಶಾಲೆಯ ಮಾತೆತ್ತಿದಾಗ ಹುಡುಗನೇ ಬಾಯಿಬಿಟ್ಟ. "ಸಾಲಿ ಯಾಕ್ ಬಿಡಬೇಕ್ರಿ? ನಮ್ಮೂರಾಗೂ ಹುಡುಗರು ಅದಾವಲ್ರಿ." ಅಷ್ಟೇ ಮಾತು. ಆವತ್ತಿನಿಂದ ಶಾಂತತ್ತೆ ಪಾತ್ರೆ ತಿಕ್ಕುವಾಗ ಹಾಡತೊಡಗಿದಳು. ನನಗೆ ಎರಡು ಜಡೆ ಹಾಕುತ್ತ ಒಂದು ಬೆಳಿಗ್ಗೆ, "ಬುಕ್ಕಸಾಗರಕ್ಕ ನನ್ನ ಜೋಡಿ ಬರ್ತಿಯೇನ್ಲೇ?" ಎಂದು ಕೇಳಿದಳು. ಅವಳಿಗೆ ಆ ಮನುಷ್ಯ ಬೇಕಾಗಿದ್ದ ಎನ್ನುವುದು ಒಂಬತ್ತು ವರ್ಷದ ನನಗೂ ತಿಳಿದಿತ್ತು.

ಮಾತು ಮುಗಿಸಿ ದಿನ ಗೊತ್ತು ಮಾಡಲು ಅವರು ಒಂದು ಭಾನುವಾರ ಬರುವುದೆಂದಾಯಿತು. ಅಜ್ಜಿ ಅವರನ್ನು ಆಗಲೇ ಬೀಗರೆಂದು ಕರೆಯತೊಡಗಿದ್ದಳು. ಬೀಗರು ಬರ್ತಾರ, ಬೀಗರಿಗೆ ಚಾಪಿ ಹಾಸು, ಬೀಗರಿಗೆ ರವೆ ಉಂಡಿ ಕಟ್ಟು. ಅಷ್ಟು ಜಾಣ ಮುದುಕಿಗೆ ಆ ಪದ ನಮ್ಮ ಮನೆಯಲ್ಲಿ ಖಾಲಿ ಇಲ್ಲ ಎನ್ನುವುದು ಹೊಳೆಯಲಿಲ್ಲ. ಉಂಡಿ ಡಬ್ಬಿಯನ್ನು ನೀರಿನ ತಟ್ಟೆಯ ನಡುವೆ ಇಡು ಎಂದು ನನಗೆ ಹೇಳಿದ್ದರು. ನಾನು ಎರಡು ಉಂಡಿ ಕದ್ದು ತಿಂದು, ಡಬ್ಬಿಯನ್ನು ಗೋಡೆಯ ಗೂಡಿನಲ್ಲಿಟ್ಟು, ಆಡಲು ಓಡಿದ್ದೆ.

ಬಂದರು. ಹುಡುಗ, ಅವನ ಅಣ್ಣ, ತಾಯಿ. ಆ ಹೆಂಗಸನ್ನು ನೆನೆದರೆ ಈಗಲೂ ನನಗೆ ಮೈಯುರಿ. ಪಡಸಾಲೆಯಲ್ಲಿ ಕೂತವಳೇ ಗೋಡೆಯ ಸುಣ್ಣದಿಂದ ಹಿಡಿದು ಅವ್ವನ ಸೀರೆಯ ಅಂಚಿನ ತನಕ ಕಣ್ಣಾಡಿಸಿದಳು. ಕೊಟ್ಟ ನೀರನ್ನು ಕುಡಿಯದೆ ಲೋಟದ ಒಳಗೇನಿದೆ ಎಂದು ನೋಡಿದಳು. ಎರಡು ಮಾತಿಗೊಮ್ಮೆ "ನಮ್ ಕಡಿ ಹಿಂಗಲ್ಲ" ಎಂದಳು, ಬುಕ್ಕಸಾಗರ ಯಾವುದೋ ಬೇರೆ ದೇಶದಲ್ಲಿದೆ ಎನ್ನುವಂತೆ. ಮಗ ತಲೆ ತಗ್ಗಿಸಿ ಕೂತಿದ್ದ. ಉಂಡಿ ತಾ ಎಂದು ಅವ್ವ ನನಗೆ ಕಣ್ಸನ್ನೆ ಮಾಡಿದಳು. ಹೋಗಿ ಡಬ್ಬಿಯ ಮುಚ್ಚಳ ತೆಗೆದೆ. ಉಂಡಿಗಳು ಕಾಣಲಿಲ್ಲ. ಕೆಂಪಗೆ ಹರಿದಾಡುವ ಒಂದು ರಾಶಿ ಕಂಡಿತು. ನನ್ನ ಕಳ್ಳತನ ಬಯಲಾಗುವ ಭಯಕ್ಕೆ ಬುದ್ಧಿ ಕೆಟ್ಟಿತು. ಡಬ್ಬಿ ಹಿಡಿದುಕೊಂಡೇ ಪಡಸಾಲೆಯ ಬಾಗಿಲಿಗೆ ಬಂದು ಹಿತ್ತಲಿಗೆ ಕೇಳುವಂತೆ ಕಿರುಚಿದೆ. "ಕಾಕಾ! ಬೀಗರು ಉಂಡಿ ಒಂದೂ ಬಿಡದಂಗ ಮುಕ್ಕಾಕ ಹತ್ಯಾರ! ಜಲ್ದಿ ಪುಡಿ ತಗೊಂಡು ಬಾ!"

ಬಾಳೆ ಎಲೆ ತೊಳೆಯುತ್ತಿದ್ದ ಕಾಕಾ ಅಭ್ಯಾಸಬಲದಿಂದ ಅಲ್ಲಿಂದಲೇ ಗುಡುಗಿದ. "ಬಂದೆ ತಡಿ! ಹೋದ ಸಲ ಅರ್ಧ ಮಂದಿ ಉಳಕೊಂಡ್ರು. ಇವತ್ತ ಒಬ್ಬರನ್ನೂ ಜೀವಂತ ಬಿಡಂಗಿಲ್ಲ!" ಗುಡುಗಿದ್ದು ಸಾಲದೆಂದು ಮೂಗಿಗೆ ಕರವಸ್ತ್ರ ಕಟ್ಟಿ, ಕೈಯಲ್ಲಿ ವಿಷದ ಡಬ್ಬಿ ಹಿಡಿದು, ನೇರ ಪಡಸಾಲೆಗೇ ಬಂದು ನಿಂತ, ಆ ಮೂವರ ಎದುರಿಗೆ.

ಮೊದಲು ನಕ್ಕವನು ಹುಡುಗ. ತುಟಿ ಬಿಗಿಹಿಡಿಯಲು ನೋಡಿ, ಆಗದೆ, ಹೊಟ್ಟೆ ಹಿಡಿದುಕೊಂಡು ನಕ್ಕ. ಬಾಗಿಲ ಮರೆಯಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಶಾಂತತ್ತೆಗೂ ನಗು ತಡೆಯಲಿಲ್ಲ, ಕಪ್ಪುಗಳು ಗಲಗಲ ಎಂದವು. ಅವನು ತಲೆಯೆತ್ತಿದ, ಅವಳು ಮರೆಯಿಂದ ಈಚೆ ಬಂದಳು. ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಅಜ್ಜಿ ಕೈಮುಗಿದು, "ತಪ್ಪ ತಿಳ್ಕೋಬ್ಯಾಡ್ರಿ, ನಮ್ಮನ್ಯಾಗ ಇರುವಿಗೆ ಬೀಗರು ಅಂತೀವ್ರಿ" ಎಂದಳು. ತೇಪೆ ಹಾಕಲು ಹೋಗಿ ಇನ್ನಷ್ಟು ಹರಿದಳು. ಹುಡುಗನ ತಾಯಿ ಲೋಟ ಕೆಳಗಿಟ್ಟಳು. "ಹಂಗಂದ್ರ ಬೀಗರು ಅಂದ್ರ ಇರುವಿ ಅಂದಂಗಾತು. ಏಳ್ರಪ್ಪಾ." ಅಣ್ಣ ಎದ್ದ. ನಗು ಇನ್ನೂ ಮುಖದ ಮೇಲಿರುವಾಗಲೇ ಹುಡುಗನೂ ಎದ್ದ. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಒಮ್ಮೆ ಹಿಂದಿರುಗಿ ನೋಡಿದ. ಆಮೇಲೆ ತಾಯಿಯ ಹಿಂದೆ ನಡೆದ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುತ್ತಾರೆ. ಆವತ್ತು ಮಧ್ಯಾಹ್ನ ಕಾಕಾ ಮೂಢನಂಬಿಕೆಯ ಬಗ್ಗೆ ಭಾಷಣ ಮಾಡಿದ. ಇರುವೆಯನ್ನು ಇರುವೆ ಎಂದಿದ್ದರೆ ಇದು ಆಗುತ್ತಿತ್ತೇ ಎಂದ. ಅವನ ಮಾತು ನಿಜವಿತ್ತು, ಅದಕ್ಕೇ ನನಗೆ ಅವನ ಮೇಲೆ ಇನ್ನಷ್ಟು ಉರಿ. ಭಾಷಣ ಮುಗಿಸಿ ಡಬ್ಬಿಯಲ್ಲಿದ್ದ ಪುಡಿಯನ್ನೆಲ್ಲ ಬೆಲ್ಲದ ಕೋಣೆಗೆ ಸುರಿದ. ಆ ವರ್ಷದ ಬೆಲ್ಲವನ್ನೆಲ್ಲ ತಿಪ್ಪೆಯಲ್ಲಿ ಹೂಳಬೇಕಾಯಿತು. ಅಜ್ಜಿ ಮಾತ್ರ ಆಮೇಲೆ ಆ ಪದ ಎತ್ತಲಿಲ್ಲ, ನುಚ್ಚಿನ ಗೆರೆಯನ್ನೂ ಎಳೆಯಲಿಲ್ಲ. ಇರುವೆಯನ್ನು ಇರುವೆ ಎಂದೇ ಕರೆದಳು. ಹೆಸರು ಹಿಡಿದರೂ ಅವು ಹೆಚ್ಚು ಬರಲಿಲ್ಲ, ಕಡಿಮೆಯೂ ಆಗಲಿಲ್ಲ. ಅದನ್ನು ಕಂಡು ಅವಳು ಇನ್ನೂ ಕುಗ್ಗಿಹೋದಳು. ಶಾಂತತ್ತೆ ಮರುದಿನ ಬೆಳಿಗ್ಗೆ ಎಂದಿನಂತೆ ನನಗೆ ಜಡೆ ಹಾಕಿದಳು. ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಜ್ಜಿ ಹೋದಳು, ಮನೆ ಪಾಲಾಯಿತು. ಕಾಕಾನ ಮಕ್ಕಳು ಆ ಗೋಡೆಗಳನ್ನು ಒಂದೇ ದಿನದಲ್ಲಿ ಉರುಳಿಸಿ ಮೂರಂತಸ್ತಿನ ಸಿಮೆಂಟಿನ ಪೆಟ್ಟಿಗೆ ಎಬ್ಬಿಸಿದರು, ಹೊರಗೆಲ್ಲ ಬಚ್ಚಲಿನ ಟೈಲ್ಸು ಹಚ್ಚಿಸಿದರು. ಚಂದ ಎಂದರೆ ಏನೆಂದು ತಿಳಿಯದವರಿಗೆ ಅದೇ ಚಂದ. ಶಾಂತತ್ತೆ ಮತ್ತೆ ಬಂದ ಸಂಬಂಧಗಳಿಗೆ ಒಪ್ಪಲಿಲ್ಲ. ಬಾಲವಾಡಿಗಳ ಮೇಲ್ವಿಚಾರಕಿಯಾಗಿ ದರೋಜಿಯ ಕಡೆಯ ಹಳ್ಳಿಗಳನ್ನೆಲ್ಲ ಬಸ್ಸಿನಲ್ಲಿ ಸುತ್ತಿದಳು, ಹೊಸಪೇಟೆಯಲ್ಲಿ ಸ್ವಂತ ಮನೆ ಮಾಡಿದಳು, ಬೇಕಾದ್ದು ತಿಂದಳು, ಬೇಕಾದವರನ್ನು ಬೈದಳು. ಪಾಪ ಎನ್ನಲು ಬಂದವರನ್ನು ಹೊಸ್ತಿಲಾಚೆಯಿಂದಲೇ ಕಳಿಸಿದಳು. ಆದರೂ ನನ್ನ ಎದೆಯಲ್ಲಿ ಮುಳ್ಳು ಹಾಗೇ ಇತ್ತು. ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಅವಳ ಮನೆಯಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನುತ್ತ ಕೂತಿದ್ದಾಗ ಧೈರ್ಯ ಮಾಡಿ ಕೇಳಿಯೇಬಿಟ್ಟೆ, ಅತ್ತೆ, ನನ್ನ ಮೇಲೆ ಸಿಟ್ಟಿದೆಯೇ ಎಂದು.

ಅವಳು ಮಿರ್ಚಿಯ ತೊಟ್ಟು ತೆಗೆದು ತಟ್ಟೆಯ ಅಂಚಿಗಿಟ್ಟಳು. "ಹುಚ್ಚಿ, ನಿನ್ನ ಮ್ಯಾಲೆ ಎಂಥ ಸಿಟ್ಟು? ಅವರವ್ವನ ಮ್ಯಾಲೂ ಇಲ್ಲ. ಆದ್ರ ಅವರು ನಕ್ಕರಲ್ಲ, ನೀನೂ ನೋಡಿದಿ. ನಗದಂಗ ಎದ್ದು ಹೋಗಿದ್ರ ನಾ ಎಂದೋ ಮರತುಬಿಡ್ತಿದ್ದೆ."

ಅಷ್ಟು ವರ್ಷ ನಾನು ಕಾಕಾನನ್ನು ಹಳಿದಿದ್ದೆ, ಆ ಹೆಂಗಸನ್ನು ಶಪಿಸಿದ್ದೆ, ನನ್ನನ್ನಂತೂ ಬಿಟ್ಟೇ ಇರಲಿಲ್ಲ. ನಕ್ಕನಲ್ಲ ಎಂಬ ಒಂದೇ ಕಾರಣಕ್ಕೆ ಆ ಹುಡುಗನೊಬ್ಬನನ್ನು ಬಿಟ್ಟುಬಿಟ್ಟಿದ್ದೆ. ಅಷ್ಟು ನಕ್ಕೂ ತಾಯಿಯ ಹಿಂದೆ ನಡೆದ ಅವನನ್ನೂ ಹಳಿಯಬೇಕೆಂದು ಬಾಯಿ ತೆರೆದೆ. ಅವಳು ಇಷ್ಟು ಕಾಲದ ಮೇಲೂ ಅವನನ್ನು 'ಅವರು' ಎನ್ನುತ್ತಿದ್ದಳು, ತೆರೆದ ಬಾಯಿಗೆ ಮಿರ್ಚಿ ಇಟ್ಟುಕೊಂಡೆ.

ಶಾಂತತ್ತೆ ಹೋಗಿ ಈಗ ಎರಡು ವರ್ಷ. ಕಾಕಾ ಅವಳಿಗಿಂತ ಮೊದಲೇ ಹೋದ, ಅಪ್ಪ ಅವ್ವನೂ ಇಲ್ಲ. ಬುಕ್ಕಸಾಗರದವರು ಇದ್ದಾರೋ ಇಲ್ಲವೋ ನಾನು ವಿಚಾರಿಸಿಲ್ಲ. ಶಾಂತತ್ತೆಯೂ ಆ ಹುಡುಗನೂ ಒಮ್ಮೆ ಒಟ್ಟಿಗೆ ನಕ್ಕಿದ್ದರು ಎನ್ನಲು ನಮ್ಮ ಮನೆಯ ಕಡೆಯಿಂದ ಉಳಿದವಳು ನಾನೊಬ್ಬಳೇ.